ಉಗುರು ಮೂಡಿದ ಕಡಲಾಮೆ

…ಅಲ್ಲ ತಂಗಿ ಅಂಜಲಿ, ಹೊನ್ನಾವರದಿಂದ ರಾಣೆಬೆನ್ನೂರಿನ ಹತ್ರ ಈ ಹಲಗೇರಿಗೆ ನಾ ಚಿತ್ರ ಬರದ ಹಲಗಿ ಒಯ್ಯಾಕ ಬಂದಾಕಿ, ಹಿಂಗ ಬಾಗಲದಾಗ ನಿಂತ್ರ ಹೆಂಗ? ಕುಂದರು. ಮಿರ್ಚಿ ಬಿಸಿ ಅದಾವು. ಇಪ್ಪತ್ತು ಹಲಗಿ, ಇಪ್ಪತ್ತು ಕಡಲಾಮೆ. ದೋಣಿಗೊಂದು ಮೊಳಿ ಹೊಡದು ಬಡೀಬೇಕು, ಬಲೆಯಾಗ ಆಮೆ ಸಿಕ್ಕಾಗ ಮೀನುಗಾರಗ ಈ ಕಣ್ಣು ನೆಪ್ಪಾಗಬೇಕು, ಬಲೆ ಕೊಯ್ದು ಅದನ್ನ ಬಿಟ್ಟುಬಿಡಬೇಕು. ನೀನ ಅಂದಿದ್ದಿ. ಕಣ್ಣು ನೋಡು, ಹೆಂಗ ಬಂದಾವ! ಮೂವತ್ತಾರು ವರ್ಷ ಡ್ರಾಯಿಂಗ್ ಮಾಸ್ತರಕಿ ಮಾಡಿದ ಕೈ ಇದು.

ಯಾಕ ನಗತಿ? ಕಾಲಾ? ಕಾಲಿಗೇನಾಗೇತಿ? ನಾಕು ಕಾಲು, ಕಾಲಿಗೆ ಉಗುರು… ಕಡಲಾಮೆಗೆ ಹಿಂಗ ಇರೂದಿಲ್ಲಾ? ದೋಣಿ ಹುಟ್ಟಿನಂಗ ಚಪ್ಪಟಿ ಇರ್ತಾವಾ? ಇರ್ಲಿ. ಕಲಾವಿದಗ ಇಷ್ಟರೆ ಸ್ವಾತಂತ್ರ್ಯ ಬ್ಯಾಡೇನು?

ಏನಂದಿ? ತಾವು ದಿನಾ ಕಾಣೂ ಜೀವ ಗೊತ್ತಿಲ್ಲದಾಂವ ತಮಗ ಬುದ್ಧಿ ಹೇಳಾಕ ಬಂದಾನ ಅಂತ ಮೀನುಗಾರರು ನಗತಾರಾ? ಒಬ್ಬನೂ ಹಲಗಿ ಬಡಕೊಳ್ಳೂದಿಲ್ಲಾ? ನೋಡು, ನಾ ಒಂದು ವಾರ ನಿಮ್ಮ ಕಡಲ ದಂಡಿಮ್ಯಾಲ ಕುಂತು, ಕಣ್ಣಾರೆ ಕಂಡು ಬರದೇನಿ. ಹಲಗೇರಿಗೆಲ್ಲಾ ಗೊತ್ತೈತಿ. ಹನುಮೇಶನ ಚಾದಂಗಡ್ಯಾಗ ಕೇಳು, ತೆರಿ ಹೆಂಗ ಏಳ್ತಾವ, ಹೆಂಗ ಮುರೀತಾವ, ಎಲ್ಲಾ ಕೈ ಮಾಡಿ ತೋರಿಸೇನಿ…

ಏನು, ಅಲ್ಲಿ ನನ್ನ ಕಾಣಲಿಲ್ಲಂತಿ? ಆ ವಾರ ನೀ ಊರಾಗ ಇರಲಿಲ್ಲ ಬಿಡು. …ಇದ್ದಿಯೇನು? ದಿನಾ ಬಸ್ ಸ್ಟ್ಯಾಂಡಿಗೆ ಹೋಗಿ ನನ್ನ ಹಾದಿ ಕಾಯ್ದಿಯೇನು?

ಹಂಗ ನೋಡಬ್ಯಾಡ, ತಂಗಿ. ಸಿಟ್ಟಿಗರೆ ಏಳು.

…ಶಿರಸಿತನಕ ಬಂದಿದ್ದೆ. ಅಷ್ಟು ಖರೇ. ಮುಂದ ಘಟ್ಟ. ಘಟ್ಟದ ತಿರುವು ಅಂದ್ರ ನನಗ ವಾಂತಿ. ಇಳದು, ಲಿಂಬಿಹಣ್ಣು ಮೂಸಿಕೋತ ಒಂದು ತಾಸು ಕುಂತೆ. ಹೊಳ್ಳಿ ಬಂದೆ. ವಾರಪೂರ್ತಿ ತುಂಗಭದ್ರಾ ಹೊಳಿದಂಡಿಗೆ ಕುಂತು, ಅಲ್ಲಿ ಆಮೆ ನೋಡಿ ಬರದೆ. ಅರವತ್ತೇಳು ವರ್ಷಾದ್ವು, ಸಮುದ್ರಾನ ಕಂಡಿಲ್ಲ ನಾ.

ಆ ಕುಂಚ ಕೆಳಗಿಡು. ಈ ಕಾಲು ನೀ ತಿದ್ದಬ್ಯಾಡ. ಫೋನ್ ತಗದು ಫೋಟೋನೂ ತೋರಸಬ್ಯಾಡ. ಬರದಾಂವ ನಾನು, ತಿದ್ದಾಂವನೂ ನಾನ. ಹಲಗಿಗೆ ಹಗ್ಗ ಬಿಗಿ. ನಾಳೆ ಮುಂಜಾನಿ ಬಸ್ಸಿಗೆ ನಾನೂ ಬರ್ತೇನಿ. ವಾಂತಿ ಆದ್ರ ಆಗ್ಲಿ. ನಿಮ್ಮ ಮೀನುಗಾರರ ನಡುವ ಕುಂತು, ಅವರು ಹೆಂಗ ಹೇಳ್ತಾರ ಹಂಗ ಇಪ್ಪತ್ತೂ ತಿದ್ದತೇನಿ. ನಗಾವ್ರು ಎದುರಿಗೇ ನಗ್ಲಿ, ನಾನೂ ನೋಡ್ತೇನಿ.

ಕಿಡಕಿ ಸೀಟು ಮಾತ್ರ ನನಗ ಬಿಡು.