ಮೂರನೇ ದೀಪ

...ಅಯ್ಯೋ, ಅದ್ನ ಯಾಕ್ ಕೈಲಿಡ್ಕಂಡು ನಿಂತಿದ್ದೀರಿ ಅತ್ಗೆ? ಅಲ್ಲೇ ಆ ಜೆರಾಕ್ಸ್ ಮಿಷನ್ ಮ್ಯಾಲೆ ಮಡಗಿ. ಆ ಕಂಪ್ಯೂಟ್ರು ಅಂಗಡಿ ಮುಸವೀರ ನಿಮ್ ಕೈಲಿ ಕೊಟ್ ಕಳಿಸಿದ್ನಾ? ನೋಡಿದ್ರಾ ಅವನ ದೌಲತ್ತು! ಮಾರೋವಾಗ ತಾನೇ ಮೆಟ್ಲತ್ಕಂಡು ಬತ್ತಾನೆ, ವಾಪಸ್ ಕೊಡಾಕೆ ನಮ್ಮಣ್ಣನ ಎಂಡ್ತಿ ಬರ್ಬೇಕು! ಕೂತ್ಕಳಿ, ಆ ಸ್ಟೂಲ್ ಎಳ್ಕಳಿ. ಬ್ಯಾಡ್ವಾ? ಸರಿ, ನಿಂತೇ ಇರಿ.

ಏನಿದು ಅಂತೀರಾ? ಡಬ್ಬಿ ಕಣತ್ಗೆ, ದಂಡದ ಡಬ್ಬಿ! ಇಂಟರ್ನೆಟ್ಟು ಕರೆಂಟ್ ವೈರೊಳಗೇ ಓಡಾಡ್ತದಂತೆ. ಕೇಳಿದ್ರಾ ಕತೇನಾ? ಬ್ರಾಡ್‌ಬ್ಯಾಂಡ್ ಬಂದಿರೋದು ಕೆಳ್ಗಡೆ ಹಾಲ್‌ಗೆ, ಫೋನ್ ತಾವ. ನನ್ ಕಂಪ್ಯೂಟ್ರು, ಪ್ರಿಂಟ್ರು, ಜೆರಾಕ್ಸು, ಎಲ್ಲಾ ಇರೋದು ಈ ಮ್ಯಾಲಿನ ರೂಮಲ್ಲಿ. ಕೇಬಲ್ ಎಳ್ಸಣ ಅಂದ್ರೆ ನನ್ನೆಂಡ್ತಿ ಸುಧಾ ಗೋಡೆ ತೂತು ಮಾಡಾಕೆ ಬುಡಾಕಿಲ್ಲ, ಹೊಸಾ ಪೇಂಟಂತೆ, ಅರಮನೆ ಕಟ್ಸವ್ಳೆ ನೋಡಿ! ವೈಫೈ ಹಾಕ್ಸಿದ್ರೆ ನಮ್ಮಪ್ಪ ಕಟ್ಸಿದ ಎರಡಡಿ ಗೋಡೆ ದಾಟಾಕಿಲ್ಲ. ಅದ್ಕೆ ಈ ಮಹಾನುಭಾವ ಕಂಡಿಡ್ದ ಉಪಾಯ ಇದು. ಒಂದ್ ಡಬ್ಬಿ ಕೆಳಗಿನ ಪ್ಲಗ್‌ಗೆ, ಒಂದ್ ಡಬ್ಬಿ ಮ್ಯಾಲಿನ ಪ್ಲಗ್‌ಗೆ. ಅಷ್ಟೇಯಾ!

ಮೈಸೂರಿಂದ ಎರಡು ನಮೂನೆ ತಂದಿದ್ದ. ಒಂದು ಸಣ್ಣದು, ಇನ್ನೊಂದು ದೊಡ್ಡದು, ಅದರ ಮುಂದ್ಗಡೆ ಬೇರೆ ಪ್ಲಗ್ ಹಾಕಾಕೂ ಜಾಗ ಐತೆ. 'ನಿಮ್ಗೆ ಸಣ್ಣದೇ ಸಾಕಣ್ಣ' ಅಂದ. ಸಣ್ಣದು! ಹುಣಸೂರ್ನಲ್ಲಿ ಈ ಉಮಾಶಂಕರಂಗೆ ಸಣ್ಣದು! ದೊಡ್ಡದೇ ಕೊಡ್ಲಾ ಅಂದೆ. ಏನಾಯ್ತು? ಮೂರು ದೀಪ ಹತ್ಬೇಕು. ಕರೆಂಟ್ ಬಂತು ಅನ್ನಾಕೊಂದು, ಕಂಪ್ಯೂಟ್ರು ಸಿಕ್ತು ಅನ್ನಾಕೊಂದು, ಆ ಡಬ್ಬಿ ಈ ಡಬ್ಬೀನ ಕಂಡಿಡೀತು ಅನ್ನಾಕೆ ಮೂರನೇದು. ಎರಡು ಹತ್ತಿದ್ವು. ಮೂರನೇದು... ಊಹೂಂ! ಬೆಳಗ್ಗಿಂದ ಕಿತ್ತ, ಹಾಕ್ದ, ಕಿತ್ತ, ಹಾಕ್ದ. ಕೊನೇಗೆ ಏನ್ ಕೇಳ್ತಾನೆ ಗೊತ್ತಾ? 'ಅಣ್ಣ, ಮ್ಯಾಲಿನ ರೂಮ್ಗೆ ಬೇರೆ ಮೀಟ್ರಾ?' ಅಂತಾನೆ! ಎರಡೂ ಒಂದೇ ಮೀಟ್ರಲ್ಲಿದ್ರೇನೆ ಆ ದೀಪ ಹತ್ತೋದಂತೆ. ನಮ್ಮನೆ ಮೀಟ್ರು ಕಟ್ಕೊಂಡು ನಿಂಗೇನ್ಲಾ, ಎತ್ಕೊಂಡ್ ನಡೀಲಾ ನಿನ್ ಡಬ್ಬೀನ ಅಂತ ಉಗ್ದು ಕಳಿಸ್ದೆ. ಇನ್ನೊಂದು ಇಲ್ಲೇ ಗೋಡೇಲದೆ, ಅದ್ನ ಕೀಳಾಕೂ ಬುಡ್ನಿಲ್ಲ.

ಹಾಂ? ಪಕ್ಕದಲ್ಲಿ ನಿಮ್ ಪಾಲಿನ ಮನೆಗೆ ಬಂದಿದ್ನಾ? ನೀವೇ ಟೀಗೆ ಕರೆದ್ರಾ? ಕರೀತೀರಿ, ಕರೀತೀರಿ... ಎಲ್ಲಿಗಾಕ್ದ? ನಿಮ್ಮ ಅಡುಗೆಮನೆ ಪ್ಲಗ್ಗಿಗಾ? ತನ್ನ ಲ್ಯಾಪ್‌ಟಾಪ್ ಬೇರೆ ಸಿಕ್ಕಿಸಿದ್ನಾ? ಯಾರನ್ ಕೇಳ್ಕಂಡು ಹಾಕ್ದ?

ಎಷ್ಟು... ಎಷ್ಟು ದೀಪ ಹತ್ತಿದ್ವು?

ಮೂರಾ?

ಬುಡಿ, ನಿಮ್ ಕಣ್ಣಿಗೆ ಅಂಗ್ ಕಂಡದೆ! ಸೂಜೀಗ್ ದಾರ ಪೋಣಿಸಾಕೆ ಮಗ್ಳು ಕಾವ್ಯಶ್ರೀನ ಕರೀತೀರಿ, ದೀಪ ಎಣಿಸ್ತೀರಾ? ಚೀನಾ ಮಾಲು ಕಣತ್ಗೆ, ಬೇಕಾದಾಗ ಹತ್ತದೆ, ಬ್ಯಾಡ್ದಾಗ ಕೆಡ್ತದೆ. ಯಾಕ್ ನಗ್ತೀರಿ? ನಗ್ನಿಲ್ವಾ? ಮತ್ತೆ ಬಾಯಿ ಯಾಕಂಗಾಯ್ತು?

ಕರೆಂಟ್ ವಿಷ್ಯದಲ್ಲಿ ನೀವು ಮಾತಾಡ್ಬಾರ್ದು ಅತ್ಗೆ. ಕರೆಂಟ್ ಬಳಸಾಕೇ ಬರಾಕಿಲ್ಲ ನಿಮ್ಗೆ. ಪ್ರತಿ ತಿಂಗ್ಳು ಬಿಲ್ ಇಡ್ಕಂಡು ಬಂದು, 'ಉಮಾಶಂಕ್ರ, ಇಷ್ಟ್ಯಾಕೆ ಬಂತಪ್ಪ' ಅಂತ ನಿಂತ್ಕತಿದ್ರಿ. ನಾನು ತಾನೆ ಬುದ್ಧಿ ಹೇಳಿದ್ದು? ಮಿಕ್ಸಿ ಜಾಸ್ತಿ ತಿರುಗುಸ್ತೀರಿ, ಕಾವ್ಯ ಲೈಟಾಕ್ಕಂಡೇ ಓದ್ತಾಳೆ ಅಂತ. ಮಿಕ್ಸಿ ತವರಿಗೆ ಕೊಟ್ಬುಟ್ಟು ಒರಳು ತಿರುಗಿಸಿದ್ರಿ. ಕಾವ್ಯ ಎದುರುಗಡೆ ಜೀನತುನ್ನೀಸಾ ಮನೆ ಪಡಸಾಲೇಲಿ ಕೂತು ಓದಿ ಎಸ್ಸೆಸ್ಸೆಲ್ಸಿ ಮುಗಿಸಿದ್ಲು. ಆದ್ರೂ ಬಿಲ್ ಇಳೀತಾ? ಇಳೀನಿಲ್ಲ! ಮನೆ ನಡ್ಸಾಕೆ ಬರದೋರ್ಗೆ ನಾನೇನ್ ಮಾಡಾಕಾಯ್ತದೆ?

ಇಷ್ಟಾದ್ರೂ ನಾನು ಕೈ ಬುಟ್ನಾ? ಓದೊರ್ಸ ಬಿಲ್ ಕಟ್ನಿಲ್ಲ ಅಂತ ನಿಮ್ ಲೈನ್ ಕಿತ್ತಾಕಿ ಓದ್ರಲ್ಲ, ಅವತ್ತು ಯಾರ್ ಓಡಿದ್ದು? ನಾನು! ಇಕ್ಕಿದ ಮುದ್ದೆ ತಟ್ಟೇಲೇ ಬುಟ್ಟು ಓಡ್ದೆ! ಸಂಜೆ ಒಳ್ಗೆ ಹಾಕ್ಸಿ ಕೊಡ್ನಿಲ್ವಾ? ನೀವೇ ಬೀದಿ ತುಂಬಾ ಹೇಳ್ಕಂಡು ಬಂದ್ರಿ, ನಮ್ ಯಜಮಾನ್ರು ಸಿದ್ದಮಲ್ಲಪ್ಪ ತೀರ್ಕಂಡ್ರೂ ಅವ್ರ ತಮ್ಮ ನಮ್ಮನ್ನ ಕತ್ತಲೇಲಿ ಬುಡ್ನಿಲ್ಲ ಅಂತ.

...ಏನಂದ್ರಿ?

ನೀವು ಬಂದು ಹೇಳಾಕ್ ಮುಂಚೇನೆ ನಂಗೆಂಗೆ ಗೊತ್ತಾಯ್ತು ಅಂತಾನಾ? ಅದು... ಯಾರೋ ಹೇಳಿದ್ರು. ಲೈನ್‌ಮ್ಯಾನೇ ಹೇಳ್ದ ಅನ್ಸ್ತದೆ. ಈಗ್ಯಾಕದು? ಒಂದೊರ್ಸ ಆಯ್ತು! ಒಳ್ಳೇದ್ ಮಾಡಿದ್ದಕ್ಕೂ ಲೆಕ್ಕ ಕೇಳ್ತೀರಾ?

ಎಲ್ಲಿಗ್ ಹೊಂಟ್ರಿ? ಅತ್ಗೆ! ಮಾತಾಡ್ತಾ ಇದ್ದಂಗೇ... ನಿಧಾನಕ್ಕೆ ಇಳೀರಿ, ಮೆಟ್ಲು ಜಾರ್ತದೆ. ಡಬ್ಬಿ ಕೊಟ್ಬುಟ್ಟು ಓಗಿ! ಅವನ ಮುಖದ ಮ್ಯಾಲೆ ಬಿಸಾಕಿ ಬತ್ತೀನಿ. ಕೇಳುಸ್ತಾ? ಸುಮ್ನೆ ಮನೆ ಒಳಕ್ಕೆ ಓಯ್ತಾರಲ್ಲಪ್ಪ... ಅತ್ಗೆ, ಕೇಳಿ! ಕಿಟಕೀಲಿ ಕಾಣ್ತದೆ ನಂಗೆ, ಬಾಗ್ಲ ಪಕ್ಕ ಎಲ್ಲಿ ಕೈ ಹಾಕ್ತಿದ್ದೀರಿ? ಅದು ಮೈನು! ಅದು ನಿಮ್ಮನೆ ಮೈನ್ ಸ್ವಿಚ್ಚು, ಮುಟ್ಬ್ಯಾಡಿ! ಅತ್ಗೆ, ಮುಟ್—

...

ಫ್ಯಾನ್ ನಿಂತೋಯ್ತು.

ಇಲ್ಲ, ಇಲ್ಲ, ಕರೆಂಟೇ ಓಗ್ಬುಟ್ಟದೆ ಅತ್ಗೆ! ಬೀದೀಗೆಲ್ಲ ಓಗ್ಬುಟ್ಟದೆ! ಈಟೊತ್ತಲ್ಲಿ ದಿನಾ ತೆಗೀತಾರೆ ಮುಂಡೇಮಕ್ಳು... ಏ ಸುಧಾ! ಟೀವಿ ಆರ್ಸೇ! ಆರ್ಸೇ ಅಂದೆ, ಕೆಳ್ಗಡೆ ಟೀವಿ ಆರ್ಸೇ!

ಕೇಳುಸ್ತಾ ನಿಮ್ಗೂ?

ಅಂಗ್ ಬಾಗ್ಲಲ್ಲಿ ನಿಂತು ನನ್ನ ನೋಡ್ಬ್ಯಾಡಿ ಅತ್ಗೆ. ಬೈದ್ಬುಡಿ. ಮನೆ ಪಾಲಾದಾಗಲೇ ವೈರಿಂಗ್ ಚನ್ನಬಸವಣ್ಣ ಅಂದಿದ್ದ, ಈ ಮ್ಯಾಲಿನ ರೂಮ್ ಲೈನು ನಿಮ್ ಮೀಟ್ರಿಂದ ಬಂದದೆ, ಬದ್ಲಾಯಿಸ್ಬೇಕು ಅಂತ. ಒಂದು ಬಲ್ಬು ತಾನೆ, ಇರ್ಲಿ ಬುಡು ಅಂದೆ. ಆಗ ಒಂದೇ ಬಲ್ಬು ಅತ್ಗೆ, ಆಣೆಗೂ ಒಂದೇ. ಆಮ್ಯಾಲೆ ಕಂಪ್ಯೂಟ್ರು ಬಂತು. ಆಮ್ಯಾಲೆ ಜೆರಾಕ್ಸು... ಆಗ ಎಂಗೇಳ್ಲಿ? ಯಾವ ಬಾಯಲ್ಲೇಳ್ಲಿ?

ಏನಾರ ಅನ್ನಿ. ಬೀದೀಲಿ ನಿಂತು ಉಗೀರಿ, ಸುಧಾ ಮುಂದೆ ಉಗೀರಿ, ಆ ಮುಸವೀರನ್ನೇ ಕರ್ಸಿ ಉಗೀರಿ. ಕಾವ್ಯಂಗೆ ಮಾತ್ರ ಹೇಳ್ಬ್ಯಾಡಿ ಅತ್ಗೆ. ಹೇಳಾಕಿಲ್ಲ ಅನ್ನಿ... ತಲೆಯಾದ್ರೂ ಆಡ್ಸಿ... ಪಾಸಾದ ದಿನ, ಚಿಕ್ಕಪ್ಪ ಅಂತ ಓಡ್ಬಂದು, ಮೊದ್ಲು ನನ್ ಕಾಲಿಗೆ ಬಿದ್ದ ಮಗ ಅದು.