ಕುಣಿ ಮಗ್ಗದ ಸಾಕ್ಷಿ

ಮಕ್ತಲ್ ಆಚೆ ಹಳ್ಳ ಬಂದು ರಸ್ತೆ ಮುಳುಗಿತ್ತು. ರಾಯಚೂರಿನ ಬಸ್ಸು ಮಕ್ತಲ್ ಸ್ಟ್ಯಾಂಡಿನಲ್ಲೇ ನಿಂತುಬಿಟ್ಟಿತ್ತು. ಸ್ಟ್ಯಾಂಡಿನ ತಗಡು ಸೋರುತ್ತಿದ್ದುದರಿಂದ ಪ್ಯಾಸೆಂಜರುಗಳೆಲ್ಲ ಎದುರಿಗಿದ್ದ ಮೊಗುಲಪ್ಪನ ಮಗ್ಗದ ಮನೆ ಹೊಕ್ಕಿದ್ದರು. ದೀಪ ಹಚ್ಚುವ ಹೊತ್ತು, ಕರೆಂಟು ಹೋಗಿತ್ತು. ಮೊಗುಲಪ್ಪನಿಗೆ ಎಂಬತ್ತು ದಾಟಿದೆ, ಮೊಣಕಾಲು ಹೋಗಿವೆ, ಕಣ್ಣು ಮತ್ತು ನಾಲಿಗೆ ಮಾತ್ರ ಇನ್ನೂ ಚುರುಕು. ಬಾಗಿಲಲ್ಲಿ ಕಂದೀಲು ಹಿಡಿದು ನಿಂತು ಒಬ್ಬೊಬ್ಬರನ್ನೂ ತಡೆಯುತ್ತಿದ್ದ.

“ಚಪ್ಪಲಿ ಹೊರಗ ಬಿಡ್ರಿ. ಇದು ಮಗ್ಗದ ಮನಿ, ನಿಮ್ಮ ಬಸ್ಸಲ್ಲ.”

ರಂಜನಾ ನೆನೆದ ಷೂ ಬಿಚ್ಚಿದಳು. ಎಡಗಾಲಿನ ಆರನೆಯ ಬೆರಳು ದಿನವಿಡೀ ಷೂ ಒತ್ತಿ ಕೆಂಪಗಾಗಿತ್ತು. ಅವಳು ಚಿಕ್ಕವಳಿದ್ದಾಗ ಅಜ್ಜಿ ಅಂಬಾಬಾಯಿ ಆ ಬೆರಳನ್ನು ಮುಟ್ಟಿ ಮುಟ್ಟಿ, ಇದು ನಿನ್ನ ಮುತ್ತಜ್ಜ ವಾದಿರಾಜರಾಯರ ಗುರುತು, ಅವರಿಗೂ ಹೀಗೇ ಇತ್ತು ಎನ್ನುತ್ತಿದ್ದಳು. ಮೊಗುಲಪ್ಪ ಅವಳ ಕಾಲು ನೋಡಿದ, ಆಮೇಲೆ ಮುಖ ನೋಡಿದ.

“ನೀವು ಇಲ್ಲಿ ಬರ್ರಿ ಅವ್ವಾ. ನೆಲದಾಗ ಬ್ಯಾಡ, ಥಂಡಿ ಐತಿ.”

ಮೂಲೆಯಲ್ಲಿ ನೂಲಿಲ್ಲದ ಹಳೆಯ ಕುಣಿ ಮಗ್ಗವೊಂದಿತ್ತು. ನೇಯುವವರು ನೆಲಮಟ್ಟದ ಹಲಗೆಯ ಮೇಲೆ ಕೂತು, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುವ ಮಗ್ಗ ಅದು. ರಂಜನಾ ಹಾಗೇ ಕಾಲು ಇಳಿಬಿಟ್ಟು ಕೂತಳು.

ಅವಳು ರಾಯಚೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ನಿಜಾಮರ ಕಾಲದಲ್ಲಿ ನಾರಾಯಣಪೇಟೆಯಲ್ಲಿ ಅವಳ ಮುತ್ತಜ್ಜನ ಅಣ್ಣನ ಕೊಲೆಯಾಗಿತ್ತು, ಮನೆಯ ಆಳೊಬ್ಬನಿಗೆ ಗಲ್ಲಾಗಿತ್ತು. ಆ ಮೊಕದ್ದಮೆಯ ಮೇಲೆ ಅವಳು ಪುಸ್ತಕ ಬರೆಯುತ್ತಿದ್ದಳು. ಹಳೆಯ ಕಾಗದಗಳಲ್ಲಿ ಎಲ್ಲರಿಗೂ ಹೆಸರಿತ್ತು, ಆಳನ್ನು ಗಲ್ಲಿಗೆ ಕಳಿಸಿದ ಸಾಕ್ಷಿಗೆ ಮಾತ್ರ ‘ಮಗ್ಗದ ಹೆಂಗಸು’ ಎಂದಷ್ಟೇ ಇತ್ತು. ಆ ಹೆಂಗಸು ಯಾರೆಂದು ತಿಳಿಯಲು ರಂಜನಾ ಗಲ್ಲಾದ ಆಳಿನ ಊರಾದ ಗದ್ವಾಲಿನ ಓಣಿ ತಿರುಗಿದ್ದಳು. ಇವತ್ತು ಬೆಳಿಗ್ಗೆ ನಾರಾಯಣಪೇಟೆಯಲ್ಲಿ ಆ ಹೆಂಗಸಿನ ಮರಿಮಗಳು ಕುರುಮಮ್ಮನ ಬಾಗಿಲು ಬಡಿದಿದ್ದಳು.

ಕುರುಮಮ್ಮ ಒಳಗೆ ಕರೆದಿರಲಿಲ್ಲ. “ನಮ್ಮ ಹುಡುಗಿ ನೋಡಾಕ ಬಂದವರು ಮತ್ತ ಎದ್ದು ಹೋದ್ರು. ಅಣ್ಣನ್ನ ಗಲ್ಲಿಗೆ ಕಳಿಸಿದಾಕಿ ಮನಿ ಅಂತಾರ ಇವತ್ತಿಗೂ. ನಮ್ಮ ಮುತ್ತವ್ವ ಸುಳ್ಳು ಹೇಳಾಕಿ ಅಲ್ಲ ಅಂತ ನಿಮ್ಮ ಪುಸ್ತಕದಾಗ ಬರೀರಿ, ಅಷ್ಟ ಸಾಕು,” ಅಂದಿದ್ದಳು. “ಪುರಾವೆ ಇಲ್ಲದ ಹ್ಯಾಂಗ ಬರೀಲಿ?” ಅಂದಿದ್ದಳು ರಂಜನಾ. ಕುರುಮಮ್ಮ ಬಾಗಿಲು ಮುಂದೆ ಮಾಡಿಕೊಂಡಿದ್ದಳು. ತಾನು ಆ ರಾಯರ ಮನೆಯವಳು ಎಂದು ರಂಜನಾ ಅಲ್ಲಿಯೂ ಹೇಳಿರಲಿಲ್ಲ, ಇಲ್ಲಿಯೂ ಹೇಳಿರಲಿಲ್ಲ.

“ತಾತ, ಹಳ್ಳ ಇಳಿಯೋ ತನಕ ಏನರ ಹೇಳು,” ಅಂದ ಕಂಡಕ್ಟರ್ ಮಹೇಂದರ್.

“ಹೇಳ್ತೀನಿ. ಆ ಫೋನು ಒಳಗ ಇಡು ಮೊದ್ಲು. ನಾ ಮಾತಾಡೋವಾಗ ಮಾರಿ ಮ್ಯಾಲ ಬೆಳಕು ಬಿಟ್ಕೊಂಡು ಕುಂತ್ರ ನಂಗ ಸಿಟ್ಟು ಬರ್ತೈತಿ.” ಮೊಗುಲಪ್ಪ ಕಂದೀಲನ್ನು ನೆಲಕ್ಕಿಟ್ಟು ಗೋಡೆಗೆ ಒರಗಿದ. ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು.

“ಕೇಳ್ರಿ ಹಂಗಾದ್ರ. ನಮ್ಮವ್ವ ನಾರಾಯಣಪ್ಯಾಟಿ ನೇಕಾರ ಓಣ್ಯಾಗ ಹುಟ್ಟಿದಾಕಿ, ಆಕಿ ಹೇಳಿದ್ದು ಇದು. ಆ ಓಣ್ಯಾಗ ಜಮ್ಮುಲಮ್ಮ ಅಂತ ಒಬ್ಬಾಕಿ ಇದ್ಲು, ಗದ್ವಾಲದಿಂದ ಲಗ್ನಾಗಿ ಬಂದಾಕಿ. ಗಂಡ ಲಗೂನ ಸತ್ತ. ಕೈಯಾಗ ಒಂದು ಕೂಸು, ಮನ್ಯಾಗ ಒಂದು ಮಗ್ಗ, ಬೈಯಾಕ ಒಬ್ಬಾಕಿ ಅತ್ತಿ... ಇಷ್ಟ ಆಕಿ ಸಂಸಾರ. ತಂಗಿ ಒಬ್ಬಾಕಿ ಆದ್ಲು ಅಂತ ಅಣ್ಣ ಅಂಜಯ್ಯ ಗದ್ವಾಲ ಬಿಟ್ಟು ಬಂದು, ರಾಯರ ವಾಡೇದಾಗ, ಅಂದ್ರ ಅವರ ದೊಡ್ಡ ಮನ್ಯಾಗ, ಆಳಾಗಿ ನಿಂತ. ಕಟ್ಟಿಗಿ ಒಡೀತಿದ್ದ, ನೀರು ಹೊರ್ತಿದ್ದ, ಸಂಜಿಕ ತಂಗಿ ಮನೀಗೆ ಬಂದು ಆಕಿ ಕೂಸಿನ್ನ ಹೆಗಲ ಮ್ಯಾಲ ಹೊತ್ಕೊಂಡು ಓಣಿ ತಿರುಗ್ತಿದ್ದ. ಅಂಥಾ ಅಣ್ಣ ಯಾರಿಗೈತಿ ಹೇಳ್ರಿ?

“ಆಕಿ ಮಗ್ಗಾನೂ ಇಂಥಾದ್ದ, ಈ ಅವ್ವ ಕುಂತಾರ ನೋಡ್ರಿ, ಹಿಂಗ ಕುಣ್ಯಾಗ ಕಾಲು ಬಿಟ್ಟು ಕುಂದರೋದು. ಮಗ್ಗದ ಮುಂದ ಬೆಳಕಿಗೆ ಅಂತ ಸಣ್ಣದೊಂದು ಕಿಟಕಿ, ನೆಲಕ್ಕ ಹತ್ತಿದಂಗ. ಅದರಾಗ ಏನು ಕಾಣ್ತೈತಿ? ಮಂದಿ ಕಾಲು ಕಾಣ್ತೈತಿ, ಮತ್ತೇನಿಲ್ಲ. ಮುಂಜಾನಿಂದ ಸಂಜೀತನ ಲಾಳಿ ಒಗೀತಾ, ಕಾಲು ನೋಡ್ತಾ, ಆಕಿಗೆ ಊರ ಮಂದಿಯೆಲ್ಲಾ ಕಾಲಿನ ಮ್ಯಾಲ ಗುರ್ತು. ಎದುರಿಗೆ ಬಂದು ಮಾತಾಡ್ಸಿದ್ರ ಯಾರಪಾ ಅಂತ ಮಾರಿ ನೋಡ್ತಿದ್ಲಂತ, ಹಿಮ್ಮಡಿ ಕಂಡ್ರ ಹೆಸರು ಹಿಡದು ಕರೀತಿದ್ಲಂತ.

“ಅಂಜಯ್ಯನ ಚಪ್ಪಲಿ ಪಟ್ಟಿ ಕಿತ್ತಿತ್ತು. ಸೀರಿ ಸೆರಗಿಗೆ ಹಾಕಿ ಉಳಿದಿದ್ದ ಕೆಂಪು ರೇಷ್ಮಿ ಎಳಿ ತಗೊಂಡು ಆಕೀನ ಹೊಲದು ಕೊಟ್ಟಿದ್ಲು. ಆಳಿನ ಚಪ್ಪಲಿಗೆ ರೇಷ್ಮಿ... ಮಂದಿ ನಕ್ಕರ, ನಮ್ಮ ತಂಗಿ ಹೊಲದಾಳ ಅಂತ ಕಾಲು ಎತ್ತಿ ತೋರಿಸ್ತಿದ್ದ.

“ಈಗ ವಾಡೇದ ಕತಿಗೆ ಬರ್ರಿ. ಅಲ್ಲಿ ಇಬ್ಬರು ರಾಯರು, ಅಣ್ಣ ತಮ್ಮ. ಜಮೀನೆಲ್ಲಾ ದೊಡ್ಡ ರಾಯರ ಕೈಯಾಗ, ಸಣ್ಣ ರಾಯರಿಗೆ ಅದು ಹೊಟ್ಯಾಗ ಉರಿ. ಒಂದಿನ ಹಿಂಗ ಮಳಿ, ಹಿಂಗ ಮುಚ್ಚಂಜಿ. ದೊಡ್ಡ ರಾಯರು ಓಣಿ ಬಾವಿ ಕಡೆ ಹೋದವರು ತಿರುಗಿ ಬರಲಿಲ್ಲ. ತಲಿ ಒಡದಿತ್ತು. ಬಾವಿ ಕಟ್ಟಿ ಹತ್ರ ರಕ್ತ ಹತ್ತಿದ ಚಪ್ಪಲಿ ಸಿಕ್ವು, ಕೆಂಪು ರೇಷ್ಮಿ ಹೊಲಿಗಿದು. ಅಂಜಯ್ಯ ನಾ ವಾಡೇದಾಗ ಕಟ್ಟಿಗಿ ಒಡೀತಿದ್ದೆ ಅಂತ ಬಡಕೊಂಡ. ಸಣ್ಣ ರಾಯರು ಇಲ್ಲ ಅಂದ್ರು. ಅವರ ಉಪ್ಪು ತಿಂದ ಆಳುಗಳು ಅವರ ಮಾರಿ ನೋಡಿ, ಇದ್ದಿದ್ದಿಲ್ಲ ಅಂದ್ರು.

“ಜಮ್ಮುಲಮ್ಮನ್ನ ಅದಾಲತ್ತಿಗೆ ಎಳಕೊಂಡು ಹೋದ್ರು. ಹೋಗೋವಾಗ ಅತ್ತಿ ಹೇಳಿ ಕಳಿಸಿದ್ಲು, ನೋಡು, ಕೇಳಿದಷ್ಟಕ್ಕ ಜವಾಬು ಕೊಡು, ಹೆಣ್ಣುಮಗಳು, ದೊಡ್ಡವರ ಮುಂದ ಹೆಚ್ಚಿಗಿ ಬಾಯಿ ಬಿಡಬ್ಯಾಡ ಅಂತ. ಹೂಂ ಅಂದು ಹೋದ್ಲು ಆಕಿ. ವಕೀಲ ಚಪ್ಪಲಿ ತೋರಿಸಿ ಕೇಳಿದ, ಈ ಹೊಲಿಗಿ ಯಾರದು? ನಂದ್ರೀ. ಚಪ್ಪಲಿ ಯಾರದು? ನಮ್ಮಣ್ಣಂದ್ರೀ. ಆ ಸಂಜಿಕ ನಿನ್ನ ಕಿಟಕಿ ಮುಂದ ಬಾವಿ ಕಡೆ ಹೋದದ್ದು ಇದ ಚಪ್ಪಲಿ ಹೌದೋ ಅಲ್ಲೋ? ಹೌದ್ರೀ. ಬಸ್, ಇಳಿ ಅಂದ.

“ಇಳಿ ಅಂದಾಗ ಆಕಿ ಇಳೀಲಿಲ್ಲ. ಇನ್ನೊಂದು ಮಾತು ಕೇಳ್ತಾರ, ಕೇಳೇ ಕೇಳ್ತಾರ ಅಂತ ಸಾಕ್ಷಿ ಕಟಕಟಿ ಹಿಡಕೊಂಡು ನಿಂತಿದ್ಲಂತ. ಚಪ್ಪಲಿ ಅಣ್ಣಂದು, ಖರೇ. ಅದರಾಗಿದ್ದ ಕಾಲು ಯಾರದು ಅಂತ ಒಬ್ಬರೂ ಕೇಳವಲ್ಲರು. ಪೊಲೀಸರು ರಟ್ಟಿ ಹಿಡದು ಇಳಿಸಿದ್ರು. ಅಂಜಯ್ಯ ಕಟಕಟ್ಯಾಗಿಂದ ತಂಗಿ ಮಾರಿ ನೋಡಿದ. ಬೈಲಿಲ್ಲ, ಅಳಲಿಲ್ಲ, ಸುಮ್ಮನ ನೋಡಿದ. ಆಮ್ಯಾಲ ಅವನ್ನ ಆಕಿ ಕಾಣಲೇ ಇಲ್ಲ.”

ಮೊಗುಲಪ್ಪ ನಿಲ್ಲಿಸಿದ. ರಂಜನಾಳಿಗೆ ಆ ಪ್ರಶ್ನೆಗಳೆಲ್ಲ ಬಾಯಿಪಾಠ, ಕಾಗದದಲ್ಲಿ ಅವು ಅಲ್ಲಿಗೇ ಮುಗಿಯುತ್ತಿದ್ದವು. ಅವಳು ಎಷ್ಟು ಸಲ ಓದಿದ್ದರೂ ಅಲ್ಲಿ ಇನ್ನೊಂದು ಪ್ರಶ್ನೆ ಬಾಕಿ ಇದೆ ಅನ್ನಿಸಿರಲಿಲ್ಲ.

“ಯಾರ ಕಾಲು ತಾತ?” ಅಂದ ಮಹೇಂದರ್.

“ಅದನ್ನ ಆವತ್ತು ನಿನ್ನಂಥವ ಒಬ್ಬ ಅಲ್ಲಿದ್ದು ಕೇಳಿದ್ದರ ಒಂದು ಜೀವ ಉಳೀತಿತ್ತು. ಕೇಳ್ರಿ... ನಮ್ಮಂಥವರು ವಾಡೇದ ಒಳಗ ಹೋಗಬೇಕಾದ್ರ ಅಗಸಿ ಬಾಗಿಲ ಹೊರಗ ಚಪ್ಪಲಿ ಬಿಟ್ಟು ಹೋಗಬೇಕು. ಅಂಜಯ್ಯ ಒಳಗ ಬರಿಗಾಲಾಗ ಕಟ್ಟಿಗಿ ಒಡ್ಯಾಕ ಹತ್ಯಾನ, ಚಪ್ಪಲಿ ಹೊರಗ ಅದಾವ. ರಾಯರು ಮೆಟ್ಟೋದು ಕಟ್ಟಿಗಿ ಹಾವಿಗಿ, ನಡದ್ರ ಓಣಿಗೆಲ್ಲಾ ಟಕಾಟಕ್ ಕೇಳ್ತೈತಿ. ಹಂಗಾಗಿ ಸಣ್ಣ ರಾಯರು ಹೊರಗಿದ್ದ ಆ ಚಪ್ಪಲಿ ಮೆಟ್ಟಿದ್ರು. ಜಮ್ಮುಲಮ್ಮ ಕಿಟಕ್ಯಾಗಿಂದ ನೋಡಿದ್ಲು. ತನ್ನ ಹೊಲಿಗಿ ಕಂಡ್ತು, ಅಣ್ಣ ಬಂದ ಅಂತ ಕರೀಬೇಕು ಅಂತಿದ್ಲು, ಅಷ್ಟರಾಗ ಕಾಲು ಕಂಡ್ತು. ಬೆಳ್ಳಗಿನ ಕಾಲು. ಎಡಗಾಲ ಕಿರುಬೆರಳ ಮಗ್ಗಲದಾಗ ಇನ್ನೊಂದು ಬೆರಳು, ಪಟ್ಟಿ ಹೊರಗ ಚಾಚಿತ್ತು.”

ರಂಜನಾ ಎರಡೂ ಕಾಲನ್ನು ಕುಣಿಯಿಂದ ಮೇಲಕ್ಕೆಳೆದು ಸೀರೆಯೊಳಗೆ ಮುಚ್ಚಿಕೊಂಡಳು. ಮುದುಕ ಅವಳ ಕಡೆ ತಿರುಗಲಿಲ್ಲ.

“ಗಲ್ಲಾಗೋ ತನಕ ಅತ್ತಿ ಆಕೀನ ಹೊಸ್ತಿಲ ದಾಟಗೊಡಲಿಲ್ಲ. ಗಲ್ಲಾದ ಮ್ಯಾಲ ಜಮ್ಮುಲಮ್ಮ ಮನಿ ಮನಿ ಹೊಕ್ಕು ಹೇಳಿದ್ಲು. ಸಣ್ಣ ರಾಯರ ಕಾಲು ಕಂಡೀನಿ, ಚಪ್ಪಲಿ ಅಷ್ಟ ನಮ್ಮಣ್ಣಂದು ಅಂತ. ನಂಬಿದ್ರೇನು? ಅಯ್ಯ, ಮಡಿವಂತರು, ಸ್ನಾನ ಆದ ಮ್ಯಾಲ ನಮ್ಮ ನೆರಳು ತಾಕಿದ್ರ ತಿರುಗಿ ಸ್ನಾನ ಮಾಡವರು, ಆಳಿನ ಚಪ್ಪಲ್ಯಾಗ ಕಾಲು ಇಡ್ತಾರೇನು ಅಂದ್ರು. ಅಣ್ಣನ್ನ ಕೊಂದು ಈಗ ಬಣ್ಣ ಹಚ್ಚಾಕ ಬಂದಾಳ ಅಂದ್ರು. ವಾಡೇದಿಂದ ಆಕಿ ಮನೀಗೆ ಒಂದು ಚೀಲ ಅಕ್ಕಿ ಬಂತು. ಆಕಿ ಮುಟ್ಟಲಿಲ್ಲ, ಬಾಗಿಲಾಗ ಹುಳ ಹತ್ತಿ ಹೋತು.”

ಆ ಅಕ್ಕಿಯ ಮಾತನ್ನೂ ರಂಜನಾ ಅಜ್ಜಿಯ ಬಾಯಲ್ಲಿ ಕೇಳಿದ್ದಳು. ಅಣ್ಣನನ್ನು ಕೊಂದವನ ಮನೆಯವರೂ ಉಪವಾಸ ಇರಬಾರದು ಅಂತ ಅಕ್ಕಿ ಕಳಿಸಿದ ಪುಣ್ಯಾತ್ಮ, ನಿನ್ನ ಮುತ್ತಜ್ಜ ಎಂದು ಅಜ್ಜಿ ಕಣ್ಣು ತುಂಬಿಕೊಳ್ಳುತ್ತಿದ್ದಳು. ಪುಸ್ತಕದ ಮೊದಲ ಅಧ್ಯಾಯದಲ್ಲಿ ರಂಜನಾ ಅದನ್ನೇ ಬರೆದಿಟ್ಟಿದ್ದಳು.

“ಆಮ್ಯಾಲ ಆಕಿ ಹೊರಗ ಬರೋದು ಬಿಟ್ಲು. ಕುಣ್ಯಾಗ ಕಾಲು ಬಿಟ್ಟು ಕುಂತು, ಕಿಟಕಿ ನೋಡ್ತಾ ನೇದದ್ದೇ ನೇದದ್ದು. ಆ ಕಾಲು ಇನ್ನೊಮ್ಮೆ ಈ ಹಾದ್ಯಾಗ ಬರ್ತೈತಿ, ನಾಕು ಮಂದಿ ಕರದು ತೋರಿಸ್ತೀನಿ ಅಂತ. ಸಣ್ಣ ರಾಯರು ವಾಡೇ ಮಾರಿ ರಾಯಚೂರು ಸೇರಿದ್ರು, ಆ ಓಣಿ ಮಣ್ಣು ತಿರುಗಿ ತುಳೀಲಿಲ್ಲ. ಒಂದು ಮಳಿ ಸಂಜಿಕ ನೋಡಿದ್ರ ಜಮ್ಮುಲಮ್ಮ ನೇದ ಬಟ್ಟಿ ಮ್ಯಾಲ ತಲಿ ಇಟ್ಟು ಹೋಗಿಬಿಟ್ಟಿದ್ಲು. ಕಣ್ಣು ಕಿಟಕಿ ಕಡೇನ ಇದ್ವಂತ. ಪಾಪ... ನೆನಸಿದ್ರ ಈಗೂ ಸಂಕಟ ಆಗ್ತೈತಿ ನಂಗ.

“ಆಕಿ ಹೋದ ಮ್ಯಾಲ ಆ ಮಗ್ಗಕ್ಕ ಯಾರು ಕುಂತ್ರೂ ಒಂದ ಮಾತು. ಮಳಿ ಬಂದ ಸಂಜಿಕ ಕುಣಿಯೊಳಗ ಎಡಗಾಲಿಗೆ ತಣ್ಣಗ ಒಂದು ಕೈ ಹತ್ತತೈತಿ. ಹೆಬ್ಬೆರಳು ಮುಟ್ಟತೈತಿ... ಅದರ ಮಗ್ಗಲದ್ದು ಮುಟ್ಟತೈತಿ... ಹಂಗ ಒಂದೊಂದ ಬೆರಳು ಮುಟ್ಟುತ್ತಾ ಐದಕ್ಕ ಬಂದು, ಒಂದು ಉಸಿರು ಬಿಟ್ಟು, ಕಾಲು ಬಿಟ್ಟುಬಿಡ್ತೈತಿ. ಮತ್ತೇನೂ ಮಾಡಂಗಿಲ್ಲ. ಮನಿಯವರು ಅಂಜಿ ಕುಣೀಗೆ ಮಣ್ಣು ಹಾಕಿ ಮುಚ್ಚಿದ್ರು. ಮುಚ್ಚಿದ್ರ ಆಕಿ ಎಲ್ಲಿಗೆ ಹೋಗಬೇಕು? ಸುತ್ತಲಿನ ಊರವರ ಕುಣಿಯೊಳಗ ಬಂದ್ಲು. ಈಗ ಎಲ್ಲಾ ಕರೆಂಟಿನ ಮಗ್ಗ, ಕುಣಿ ಎಲ್ಲಿ ಉಳಿದಾವ? ನಂದೊಂದು ಐತಿ. ಮಗ ಮುಚ್ಚು ಅಂತಾನ, ನಾ ಮುಚ್ಚಗೊಡವಲ್ಲೆ.”

ಗೋಡೆಯ ಪಕ್ಕ ಕಾಲು ಚಾಚಿ ಕೂತಿದ್ದ ಮಹೇಂದರ್ ಮೆಲ್ಲಗೆ ಮಡಚಿಕೊಂಡ.

“ನಿನ್ನ ಕಾಲು ಆಕಿಗೆ ಬ್ಯಾಡೋ. ಮೊದ್ಲು ತೊಳಕೊಂಡು ಬಾ,” ಅಂದ ಮೊಗುಲಪ್ಪ. ಜನ ನಕ್ಕರು.

ಹೊರಗೆ ಡ್ರೈವರ್ ಹಾರನ್ ಒತ್ತಿದ. ಹಳ್ಳ ಇಳಿದಿದೆ ಎಂದು ಯಾರೋ ಕೂಗಿದರು. ಎಲ್ಲರೂ ಎದ್ದು, ಕತ್ತಲಲ್ಲಿ ತಮ್ಮ ತಮ್ಮ ಚಪ್ಪಲಿ ಹುಡುಕಿ ಮೆಟ್ಟಿ, ಮಳೆಯಲ್ಲಿ ಓಡಿದರು. “ಮೇಡಂ, ಬರ್ರಿ,” ಎಂದು ಮಹೇಂದರ್ ಬಾಗಿಲಿಂದ ಕರೆದ.

ರಂಜನಾ ಏಳಲಿಲ್ಲ. ಈಗ ಷೂ ಹಾಕಿಕೊಂಡು ಬಸ್ಸು ಹತ್ತಿದರೆ ಯಾರೂ ಏನೂ ಕೇಳುವುದಿಲ್ಲ, ಪುಸ್ತಕ ಹಾಗೇ ಮುಗಿಯುತ್ತದೆ, ಮುತ್ತಜ್ಜ ಪುಣ್ಯಾತ್ಮನಾಗಿಯೇ ಉಳಿಯುತ್ತಾನೆ. ಬೆಳಿಗ್ಗೆ ಪುರಾವೆ ಬೇಕು ಅಂದಿದ್ದಳು. ಹಾಗೆ ಅನ್ನುವಾಗ ಆ ಪುರಾವೆಯ ಮೇಲೇ ಕುರುಮಮ್ಮನ ಹೊಸ್ತಿಲಲ್ಲಿ ನಿಂತಿದ್ದಳು. ಮುಂದೆ ಮಾಡಿಕೊಂಡ ಆ ಬಾಗಿಲು ಅವಳ ಕಣ್ಣಿಗೆ ಕಟ್ಟಿತು. ಅಜ್ಜಿಯ ನೆನಪೂ ಆಯಿತು.

“ನೀವು ಹೋಗ್ರಿ,” ಎಂದು ಮಹೇಂದರನಿಗೆ ಹೇಳಿದಳು. ಸೀರೆ ಸರಿಸಿ ಎಡಗಾಲನ್ನು ಮತ್ತೆ ಕುಣಿಯೊಳಗೆ ಇಳಿಬಿಟ್ಟಳು.

ಬಸ್ಸಿನ ಸದ್ದು ದೂರವಾಯಿತು. ಒಳಗೆ ಮಳೆಯ ಶಬ್ದವಷ್ಟೇ ಉಳಿಯಿತು. ಸ್ವಲ್ಪ ಹೊತ್ತಿನ ಮೇಲೆ ರಂಜನಾ ಎರಡೂ ಕೈಯಿಂದ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾಲನ್ನು ಮಾತ್ರ ಎಳೆದುಕೊಳ್ಳಲಿಲ್ಲ.

“ಐದಕ್ಕ ಬಿಟ್ಟಳೇನವ್ವಾ?” ಮೊಗುಲಪ್ಪ ಕೂತಲ್ಲಿಂದಲೇ ಕೇಳಿದ.

ಅವಳು ಇಲ್ಲವೆಂದು ತಲೆ ಆಡಿಸಿದಳು. ಕಣ್ಣೀರು ಗದ್ದಕ್ಕಿಳಿದಿತ್ತು. “ಬರೀತೀನಿ ತಾತ,” ಅಂದಳು. “ಯಾರ ಕಾಲು ಅಂತ ಹೆಸರು ಹಾಕಿ ಬರೀತೀನಿ.”

“ನಂಗ್ಯಾಕ ಹೇಳ್ತೀರಿ? ಬಗ್ಗಿ ಆಕಿಗೆ ಹೇಳ್ರಿ.” ಮುದುಕ ಗೋಡೆ ಹಿಡಿದು ಎದ್ದು, ಕಂದೀಲನ್ನು ಅವಳ ಬಳಿ ತಂದಿಟ್ಟ. “ಹೇಳಿ ನಿಮ್ಮ ಊರಿಗೆ ಹೋಗ್ರಿ, ಕುಂತು ಬರೀರಿ. ಬರದು ಮುಗಿಸೋ ತನಕ ಆಕಿ ಆ ಬೆರಳು ಬಿಡಂಗಿಲ್ಲ... ನೀವು ರಾಯಚೂರು ಮುಟ್ಟಿದ್ರೂ.”