ನಾನು ಹಾಕದ ಗೆರೆ

…ಬೇಡಮ್ಮ, ತೋಳು ಮಡಚಬೇಡಿ, ಹಾಗೇ ಇರಲಿ. ಬೇರೆ ಯಾರು ಬಂದು ಕೇಳಿದ್ರೂ ಈ ಬಳ್ಳಿ ಹಾಕಲ್ಲ ಅಂತಿದ್ದೆ. ಆದ್ರೆ ನೀವು ಅವಳ ತಾಯಿ. ಮಗಳ ಕೈಯಲ್ಲಿದ್ದ ಹಚ್ಚೆ ನನಗೂ ಬೇಕು ಅಂದ್ರೆ, ಇಲ್ಲ ಅನ್ನೋಕೆ ನನಗೆಲ್ಲಿದೆ ಬಾಯಿ?

ಸೂಜಿ ನೋಡ್ಕೊಳ್ಳಿ. ಪೊಟ್ಟಣ ನಿಮ್ಮೆದುರಿಗೇ ಒಡೆದೆ. ಶಾಯಿ ಬಟ್ಟಲೂ ಹೊಸದು. ಅವಳಿಗೂ ಹೀಗೇ ಮಾಡಿದ್ದೆ, ಆಣೆ ಮಾಡಿ ಹೇಳ್ತೀನಿ. ಕೈಗವಸು ಮೂರು ಸಲ ಬದಲಾಯಿಸಿದ್ದೆ. ಅವಳು ತೀರಿಹೋದ ಮೇಲೆ ತಪಾಸಣೆಯವರು ಬಂದು ಅಂಗಡಿ ಮೂಲೆಮೂಲೆ ಹುಡುಕಿದ್ರಲ್ಲ, ಏನಾದ್ರೂ ಸಿಕ್ತಾ? ಯಾಕೆ ನಗ್ತೀರಿ? ಇಲ್ವಾ… ನನಗೆ ಹಾಗನ್ನಿಸ್ತು. ಈಚೆಗೆ ಏನೇನೋ ಅನ್ನಿಸುತ್ತೆ. ನೀವು ಕೂತಿರೋ ಕುರ್ಚಿಯಲ್ಲೇ ಅವಳೂ ಕೂತಿದ್ಲು. ಹಾಡುಹಗಲಲ್ಲೂ ಒಂದೊಂದು ಸಲ ಅವಳೇ ಕಣ್ಣಿಗೆ ಕಟ್ಟಿಬಿಡ್ತಾಳೆ.

ಸರಿ, ಈಗ ಕೇಳಿಸ್ಕೊಳ್ಳಿ. ಕೈ ತೊಳೀದೆ ಹಚ್ಚೆ ಮುಟ್ಟಬಾರದು. ಖಾರವಿಲ್ಲದ ಸೋಪು, ಹದವಾದ ನೀರು… ಒರೆಸಬಾರದು, ಒತ್ತಬೇಕು, ಅದೂ ಶುಭ್ರವಾದ ಬಟ್ಟೇಲಿ. ಮುಲಾಮು ತೆಳ್ಳಗೆ. ಹಕ್ಕಳೆ ಕೀಳಬಾರದು. ಗಾಯ ಮಾಯೋ ತನಕ ಈಜು ಬೇಡ. ನಿಮ್ಮ ಮಗಳು ಇದಕ್ಕೆಲ್ಲ ಹ್ಞೂಂ ಹ್ಞೂಂ ಅಂದು ಮಾರನೇ ದಿನವೇ ಕೊಳಕ್ಕೆ ಇಳಿದ್ಲಂತೆ! ನಾನೇನು ಮಾಡ್ಲಿ? ಒಂದು ಫೋನ್ ಮಾಡಿದ್ದಿದ್ರೆ… ಒಂದೇ ಒಂದು ಫೋನ್. ಮಾಡಲಿಲ್ಲ. ಆವತ್ತು ನೀವು ಬಂದು ಕೇಳಿದಾಗಲೂ ಇದನ್ನೇ ಹೇಳಿದ್ದೆ.

ಎರಡು ಮೂರು ದಿನ ಸ್ವಲ್ಪ ಕೆಂಪಗೆ, ಬೆಚ್ಚಗಿರುತ್ತೆ. ಅದಕ್ಕೆ ಹೆದರಬೇಡಿ. ದಿನದಿನಕ್ಕೆ ಇಳೀಬೇಕು, ಅಷ್ಟೇ. ಇಳಿಯೋ ಬದಲು ಏರಿದ್ರೆ, ಕೀವು ಬಂದ್ರೆ, ಚಳಿಜ್ವರ ಬಂದ್ರೆ, ನನ್ನನ್ನ ಕೇಳಬೇಡಿ, ಯಾರನ್ನೂ ಕೇಳಬೇಡಿ, ನೇರ ಡಾಕ್ಟರ ಹತ್ರ ಓಡಿ. ಹಚ್ಚೆಯಿಂದ ಮೇಲಕ್ಕೆ ಕೆಂಪು ಗೆರೆ ಹತ್ತಿದ್ರಂತೂ ನಂಜು ಏರ್ತಿದೆ ಅಂತಲೇ ಅರ್ಥ, ಒಂದು ಗಳಿಗೆನೂ ಕಾಯಬಾರದು. ಅವಳಿಗೆ ಸೋಮವಾರ ಮಧ್ಯಾಹ್ನವೇ ಮೊಣಕೈ ತನಕ ಬಂದಿತ್ತಲ್ಲ…

ಯಾಕಮ್ಮ ಹಾಗೆ ನೋಡ್ತೀರಿ?

ನೀವೇ ಹೇಳಿದ್ರಲ್ಲ. ಇಲ್ವಾ? ಹಾಗಾದ್ರೆ ಅವಳ ಗೆಳತಿ ಯಾರಾದ್ರೂ ಹೇಳಿರಬೇಕು… ಅವಳೂ ನಿಮ್ಮ ಹಾಗೇ ಆಗ ಊರಲ್ಲಿರಲಿಲ್ಲ, ಅಲ್ವಾ. ನೀವು ಆಸ್ಪತ್ರೇಲಿ ನೋಡಿದ್ದು ಬುಧವಾರ. ಆಗ ಕೈಯೆಲ್ಲ ಊದಿ ಕಪ್ಪಾಗಿತ್ತು, ಗೆರೆ ಎಲ್ಲಿ ಕಾಣಬೇಕು…

ಬೈದುಬಿಡಿ. ಕೈ ಎಳ್ಕೋಬೇಡಿ ಅಮ್ಮ.

ಮಾಡಿದ್ಲು. ಫೋನ್ ಮಾಡಿದ್ಲು. ನಾನು ಇನ್ನೊಬ್ಬರಿಗೆ ಹಚ್ಚೆ ಹಾಕ್ತಿದ್ದೆ, ಫೋನು ಕಿವಿಗೂ ಭುಜಕ್ಕೂ ನಡುವೆ. "ಅಕ್ಕಾ, ನೀವು ಹಾಕದ ಗೆರೆಯೊಂದು ಬಂದಿದೆ, ಮೊಣಕೈ ತನಕ ಇದೆ" ಅಂದ್ಲು. ಬಳ್ಳಿ ಬಿಡಿಸೋಕೆ ಮುಂಚೆ ಕಾಗದದಿಂದ ನೇರಳೆ ಅಚ್ಚು ಒತ್ತಿರ್ತೀವಲ್ಲ, ಅದರ ಗೆರೆ ಆಚೀಚೆ ಉಳಿಯೋದುಂಟು. ಎಲ್ಲರೂ ಕೇಳೋದು ಅದನ್ನೇ. ಯಾವ ಬಣ್ಣ ಅಂತ ಕೇಳಲಿಲ್ಲ ನಾನು. ಎರಡೇ ಪದ… ಕೇಳಲಿಲ್ಲ. "ಪುಕ್ಕಟೆ ಗೆರೆ ಅಂದ್ಕೋ ಮಾರಾಯ್ತಿ, ಸೋಪು ಹಾಕಿ ತಿಕ್ಕು, ಹೋಗುತ್ತೆ" ಅಂದೆ. ನಕ್ಕೆ ಕೂಡ. ಅವಳೂ ನಕ್ಕಳು.

ತಾಳಿ, ಏಳಬೇಡಿ. ಇನ್ನೂ ಒಂದಿದೆ. ಸಂಜೆ ಮತ್ತೆ ಮಾಡಿದ್ಲು. ನಾಲ್ಕು ಸಲ. ಹೆಸರು ನೋಡಿದೆ, ಅಯ್ಯೋ ಮತ್ತೆ ಅದೇ ಗೆರೆ ಪುರಾಣ ಅಂತ ಫೋನು ಮಗುಚಿಟ್ಟೆ.